ನಿಮ್ಮವ್ವನ ಸಿನಿಮಾ

ತಡವಳ

ಚಿರಂಜೀವಿ ಗುರುನಾಥಗ ಮಾವನ ಆಶೀರ್ವಾದ.

ನಿಮ್ಮವ್ವನ ಬಾಳಿನ ಕತಿ ಅಂತ ನೀ ತಗದ ಹೊಸಾ ಸಿನಿಮಾಕ್ಕ ಆಕಿನ್ನೇ ಸೋಲಾಪುರಕ್ಕ ಕರಕೊಂಡು ಹೋಗಿದ್ದೆ. ಪ್ರಶಸ್ತಿ ಬಂದ ನಿನ್ನ ಹಿಂದಿನ ಸಿನಿಮಾಗಳ ಮುಂದ ಇದು ಸಪ್ಪಗೈತಿ. ಪೇಪರಿನವರೂ ಹಂಗೇ ಬರದಾರ. ಆ ನಾಚಿಕಿಗೇ ನೀ ಊರಕಡಿ ಬರವಲ್ಲಿ ಅಂತ ನನಗ ಗೊತ್ತೈತಿ.

ಎತ್ತಿಗೂ ಕನ್ನಡದಾಗ ಬೈಯಾಕಿ ನಿಮ್ಮವ್ವ. ನಿನ್ನ ಸಿನಿಮಾದಾಗ ಆಕಿ ಮರಾಠಿ ಮಾತಾಡಿ, ಬರೇ ಅಳತಾಳ.

ವಾಪಸ್ ಬರುವಾಗ ಬಸ್ಸಿನಾಗ ಕೇಳಿದಳು: "ಪಾಪ, ಆ ಹೆಣ್ಮಗಳು ಯಾರೋ ತಮ್ಮಾ? ನಂದು ಯಾವಾಗ ತೋರಸತಾರ?"

"ನಿಂದು ಇನ್ನೂ ತಗಿಯಾಕತ್ತಾನ" ಅಂದೆ.

ಈಗ ದಿನಾ ಕೇಳತಾಳ. ಸುಳ್ಳು ಹೇಳಿ ಹೇಳಿ ನನಗೂ ಸಾಕಾಗೇತಿ. ನೀ ಬಂದು ನಾಕ ದಿನ ಆಕಿ ಕಡಿಂದ ಬೈಸಿಕೋ. ಆಮ್ಯಾಲೆ ತಗಿ.

ನಿನ್ನ ಸೋದರಮಾವ
ಕಲ್ಲಣ್ಣ