ಬಲಗಡೆಯ ಖಾಲಿ ಸೀಟು

ಅಯೋವಾ,
ಜೂನ್ ೧೪, ಭಾನುವಾರ

ಮುದ್ದಿನ ಕಾರ್ಲಾ,

ನಿನ್ನ ಅಮ್ಮ ಎರಡೂ ಕಾಲನ್ನು ನೆಲಕ್ಕೆ ಊರಿಕೊಂಡು, ಅಡುಗೆಮನೆಯಲ್ಲಿ ಕುಳಿತು ಈ ಕಾಗದ ಬರೆಯುತ್ತಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದರೆ ನಿನ್ನ ಎದೆ ಡವಡವ ಎನ್ನುತ್ತದೆ. ಗ್ಯಾರೇಜಿನಲ್ಲಿ ಕಟ್ಟಿದ ನಮ್ಮ ವಿಮಾನ ನಿನ್ನೆ ಹಾರಿತು. ಹಾರಿಸಿದವಳು ನಾನು.

ಬೈಯಬೇಡ, ಪೂರ್ತಿ ಓದು. ನಿಮ್ಮಪ್ಪ ಯಾಕೆ ಹಾರಿಸಲಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ಇಂಥ ಹಗುರ ವಿಮಾನ ಹಾರಿಸುವವರ ಆರೋಗ್ಯಕ್ಕೆ ಕಾರಿನ ಲೈಸೆನ್ಸೇ ಸಾಕ್ಷಿ. ವೈದ್ಯರ ಬಳಿ ಹೋಗಲೇಬೇಕೆಂದಿಲ್ಲ. ಆದರೆ ಹೋಗಿ, ಅವರು ‘ಆಗದು’ ಎಂದುಬಿಟ್ಟರೆ ಹಾರಲು ಕಾರಿನ ಲೈಸೆನ್ಸೂ ಉಪಯೋಗಕ್ಕೆ ಬಾರದು. ನಮ್ಮ ಏರ್‌ಫೀಲ್ಡಿನ ನಾಯಿಗೂ ಗೊತ್ತಿರುವ ನಿಯಮ ಇದು. ಹಾಗಿದ್ದೂ ಕಳೆದ ಚಳಿಗಾಲ, ಇನ್ನೇನು ಇಂಜಿನ್ ಕೂರಿಸಬೇಕು ಎನ್ನುವಾಗ, ಈ ಮಹಾರಾಯರು ಯಾರಿಗೂ ಹೇಳದೆ ಪೈಲಟ್‌ಗಳನ್ನು ನೋಡುವ ವೈದ್ಯರ ಬಳಿ ಹೋಗಿ, ಹೃದಯ ತೋರಿಸಿ, ‘ಆಗದು’ ಅನ್ನಿಸಿಕೊಂಡು ಬಂದರು.

ಏರ್‌ಫೀಲ್ಡಿನಲ್ಲಿ ನಮ್ಮ ಪಕ್ಕದ ಹ್ಯಾಂಗರಿನಲ್ಲಿ ವಿಮಾನ ಇಟ್ಟಿರುವ ಮೈರನ್ ತಲೆ ಚಚ್ಚಿಕೊಂಡ. “ಅಲ್ವೋ ಓರಿನ್, ತೆಪ್ಪಗಿದ್ದಿದ್ರೆ ಆಗ್ತಿತ್ತಲ್ಲೋ! ಯಾವ ಪುಣ್ಯಾತ್ಮ ನಿನ್ನ ಅಲ್ಲಿಗೆ ಕಳಿಸ್ದ?”

“ಚಳೀಗೆ ಬುದ್ಧಿ ಮರಗಟ್ಟಿತ್ತು ಕಣಯ್ಯ” ಎಂದರು ಇವರು, ಅಷ್ಟೆ. ನೀನು ಫೋನಿನಲ್ಲಿ ರೇಗಿದೆ. ನಾನೂ ಏನು ಕಡಿಮೆ ರೇಗಲಿಲ್ಲ. ಆಮೇಲೆ ಮುನಿಸಿಕೊಂಡವರಂತೆ ಪಿಕಪ್ ಓಡಿಸುವುದನ್ನೂ ಬಿಟ್ಟರು. ಬೀಗದ ಕೈಯನ್ನು ನನ್ನತ್ತ ಎಸೆದು ತಾವು ಪಕ್ಕದಲ್ಲಿ ಕೂರುತ್ತಿದ್ದರು.

ಹೊಸ ವಿಮಾನದ ಪರೀಕ್ಷೆ ಮುಗಿಯುವ ತನಕ ಒಬ್ಬರೇ ಹಾರಿಸಬೇಕು, ಬಲಗಡೆಯ ಸೀಟು ಖಾಲಿ ಇರಬೇಕು. ಮೈರನ್ ಹಾರಿಸಲು ತುದಿಗಾಲಲ್ಲಿ ನಿಂತಿದ್ದ. ಅವನದೂ ಇದೇ ಮಾದರಿಯ ವಿಮಾನ. ನಾನು ಹಾರಾಟ ಕಲಿತದ್ದು ಅದರಲ್ಲೇ. ಕಲಿತದ್ದಾದರೂ ಯಾಕೆ? ನಿಮ್ಮಪ್ಪನಿಗೆ ಮೇಲೆ ಏನಾದರೂ ಆದರೆ ಕೆಳಗಿಳಿಸುವಷ್ಟು ಬರಲಿ ಎಂದು. ಒಬ್ಬಳೇ ಹೊಸ ವಿಮಾನ ಏರುವ ಯೋಚನೆ ಕನಸಿನಲ್ಲೂ ಇರಲಿಲ್ಲ.

ನಿನ್ನೆ ಏರ್‌ಫೀಲ್ಡಿನಲ್ಲಿ ಶನಿವಾರದ ಪ್ಯಾನ್‌ಕೇಕ್ ತಿಂಡಿ. ಎಲ್ಲರ ಎದುರಿಗೇ ಇವರು ಹೆಡ್‌ಸೆಟ್ ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟರು.

“ಏಳೇ ವರ್ನಾ. ಅರ್ಧಕ್ಕಿಂತ ಜಾಸ್ತಿ ಕೈಯಾರೆ ಕಟ್ಟಿರ್ಬೇಕು ಅಂತ ತಾನೇ ಕಾನೂನು? ಎಡಗಡೆ ರೆಕ್ಕೆ ಪೂರ್ತಿ ನಿಂದೇ ಕೈಕೆಲ್ಸ.”

“ಬೀಳಿಸಿದ್ರೆ?” ಎಂದೆ.

“ವಿಮಾನ ಇನ್ನೊಂದು ಕಟ್ಕೋಬೋದು. ನೀನು ವಾಪಸ್ ಬಾ.”

ಒಳಗೆ ಕುಳಿತೆ. ಕಣ್ಣೆದುರಿಗೇ ಆ ಎಚ್ಚರಿಕೆಯ ಫಲಕ: ಇದು ಹವ್ಯಾಸಿಗಳು ಕಟ್ಟಿದ ವಿಮಾನ, ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಕ್ಕೆ ಒಳಪಟ್ಟದ್ದಲ್ಲ. ಅಂಟಿಸಿದವಳು ನಾನೇ. ಅಂಟಿಸುವಾಗ ನಗು ಬಂದಿತ್ತು, ನಿನ್ನೆ ಬರಲಿಲ್ಲ. ಇಂಜಿನ್ನಿಗೆ ಪೂರ್ತಿ ವೇಗ ಕೊಟ್ಟು ಹುಲ್ಲಿನ ಮೇಲೆ ಓಡಿಸಿದೆ.

ಚಕ್ರದ ಗಡಗಡ ಸದ್ದು ನಿಂತಿತು. ಏನೋ ಕೆಟ್ಟಿತೆಂದೇ ಹೆದರಿದೆ. ನೋಡಿದರೆ ನೆಲವೇ ಇಲ್ಲ ಕಣೇ! ಹುಲ್ಲು ಕೆಳಗೆ ಹೋಯಿತು, ಹ್ಯಾಂಗರಿನ ತಗಡು ಕೆಳಗೆ ಹೋಯಿತು, ಟೋಪಿ ಕೈಯಲ್ಲಿ ಹಿಡಿದು ನಿಂತ ನಿಮ್ಮಪ್ಪ ಕಾಳಿನಷ್ಟಾದರು. ಎಡಕ್ಕೆ ತಿರುಗಿದಾಗ ರೆಕ್ಕೆಯ ಮೇಲೆ ನಾನು ಬಡಿದ ರಿವೆಟ್ ಮೊಳೆಗಳ ಸಾಲು ಕಂಡಿತು, ಒಂದು ಕಡೆ ಸ್ವಲ್ಪ ಸೊಟ್ಟ. ನಿನಗೆ ಸ್ವೆಟರ್ ಹೆಣೆದಾಗಲೂ ನನ್ನ ಸಾಲು ಹೀಗೇ ಸೊಟ್ಟಗಾಗುತ್ತಿತ್ತು. ಆ ಸೊಟ್ಟ ಸಾಲಿನಾಚೆ ಮೊಣಕಾಲೆತ್ತರದ ಮೆಕ್ಕೆಜೋಳ ದಿಗಂತದವರೆಗೆ ಹಬ್ಬಿತ್ತು, ನದಿ ಹೊಳೆಯುತ್ತಿತ್ತು. ನಾನು ಕತ್ತರಿಸಿದ ತಗಡು, ನಾನು ಕೊರೆದ ತೂತು, ಬರೀ ಗಾಳಿಯ ಮೇಲೆ ನಿಂತು ನನ್ನನ್ನು ಹೊತ್ತಿತ್ತು. ಇಷ್ಟು ವರ್ಷ ಇದೇ ಜೋಳದ ನಡುವೆ ಬದುಕಿ, ಇದು ಇಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಗಟ್ಟಿಯಾಗಿ ಅತ್ತುಬಿಟ್ಟೆ. ಖಾಲಿ ಸೀಟಿನ ಕಡೆ ತಿರುಗಿ “ನೋಡಿದ್ರಾ?” ಅಂತಲೂ ಅಂದೆ.

ಇಳಿಯುವಾಗ ಒಮ್ಮೆ ಪುಟಿಯಿತು. ಮೈರನ್ ಅದನ್ನು ಸಾಯುವವರೆಗೂ ಆಡಿಕೊಳ್ಳುತ್ತಾನೆ. ನಿಮ್ಮಪ್ಪ ಮಾತ್ರ ಬಿಸಿ ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತರು.

ಪುಟ್ಟ ಇಂಗ್ರಿಡ್‌ಗೆ ಅಜ್ಜಿಯ ಮುತ್ತು.

ಇಂತಿ,
ನಿನ್ನ ಅಮ್ಮ
ವರ್ನಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ, ಮನಸ್ಸು ತಡೆಯಲಿಲ್ಲ. ವಿಮಾನವನ್ನು ಒಳಗೆ ತಳ್ಳುವಾಗ ನಿಮ್ಮಪ್ಪ ಬಾಯಿಬಿಟ್ಟರು. ಕಳೆದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇಂಗ್ರಿಡ್‌ಳನ್ನು ಪಿಕಪ್‌ನಲ್ಲಿ ಕರೆತರುವಾಗ ಇವರಿಗೆ ಕಣ್ಣು ಕತ್ತಲಿಟ್ಟಿತಂತೆ. ಎಚ್ಚರವಾದಾಗ ಗಾಡಿ ಹೊಲಕ್ಕಿಳಿದು ನಿಂತಿತ್ತಂತೆ, ಮಗು ನಿದ್ದೆಯಲ್ಲಿತ್ತು. “ಕಾರಿನ ಲೈಸೆನ್ಸ್ ಅನ್ನೋ ಆ ಬಾಗ್ಲು ತೆರೆದೇ ಇದ್ದಿದ್ರೆ ಒಂದಲ್ಲ ಒಂದಿನ ನಾನು ಹಾರೇ ಬಿಡ್ತಿದ್ದೆ ಕಣೇ. ಅದಕ್ಕೇ ಡಾಕ್ಟ್ರ ಹತ್ರ ಹೋಗಿ ಮುಚ್ಚಿಸ್ಕೊಂಡು ಬಂದೆ” ಎಂದರು. ನಾವಿಬ್ಬರೂ ಅವರ ಮೇಲೆ ಎಷ್ಟು ರೇಗಿದೆವಲ್ಲ, ಕಾರ್ಲಾ. ವಿಮಾನದ ಪರೀಕ್ಷೆ ಇನ್ನೂ ಬಹಳ ಬಾಕಿ ಇದೆ, ಆದರೆ ಬಲಗಡೆಯ ಸೀಟಿನ ಬೆಲ್ಟನ್ನು ಈಗಲೇ ತಮ್ಮ ಹೊಟ್ಟೆಯ ಅಳತೆಗೆ ಸರಿಮಾಡಿ ಇಟ್ಟಿದ್ದಾರೆ.