ನೌಕೆ ನಿಂತ ಮೇಲಿನ ಸದ್ದು

ಮಾರ್ಚ್ ೧೪, ಶುಕ್ರವಾರ

ಇವತ್ತೂ ಹೊಲಿಗೆ ಮೆಷಿನ್ನಿನ ಮುಸುಕು ತೆಗೆಯಲಾಗಲಿಲ್ಲ. ನಮ್ಮವರು ಹೋದ ಮೇಲೆ ಅದರ ಸದ್ದು ಕೇಳುವ ಧೈರ್ಯವಿಲ್ಲ.

ಆದರೆ ಸಂಜೆ ಟಿ.ವಿ.ಯಲ್ಲಿ ಅದೇ ಕೇಳಿಸಿತು. ಅವರು ಕೊನೆಯದಾಗಿ ಶಬ್ದ ಜೋಡಿಸಿದ ಬಾಹ್ಯಾಕಾಶದ ಧಾರಾವಾಹಿ, ಮೊದಲ ಕಂತು. ಅಷ್ಟು ದೊಡ್ಡ ನೌಕೆ ಕತ್ತಲಲ್ಲಿ ಉಸಿರಾಡುತ್ತದೆ. ಆ ಉಸಿರು ನಾನು ತುಳಿದ ಮೆಷಿನ್ನಿನದು. ಅದನ್ನು ರೆಕಾರ್ಡ್ ಮಾಡಿಕೊಂಡು ವೇಗ ತಗ್ಗಿಸಿದ್ದಾರೆ, ಅಷ್ಟೆ.

ಮಗಳು ಜನ ಬರೆದದ್ದನ್ನೆಲ್ಲ ಮೊಬೈಲಿನಲ್ಲಿ ಓದುತ್ತಲೇ ಇದ್ದಳು. "ಅಮ್ಮ, ಒಬ್ಬಳಿಗೆ ಮೈ ಜುಮ್ಮಂತಂತೆ. ಇನ್ನೊಬ್ಬ ಆ ಉಸಿರು ತಿಮಿಂಗಿಲದ್ದು ಅಂತಾನೆ. ನೌಕೆ ನಿಂತ ಮೇಲೆ ಟಿಣ್ ಅನ್ನುತ್ತಲ್ಲ, ಅದು ಬೇರೆ ಲೋಕದವರ ಸಂಕೇತವಂತೆ. ಸಾವಿರಾರು ಜನ ಅದಕ್ಕೇ ಕಿತ್ತಾಡ್ತಿದ್ದಾರೆ."

"ಅದು ನನ್ನ ಬಳೆ ಕಣೇ," ಎಂದೆ.

ರೆಕಾರ್ಡ್ ಮಾಡುವಾಗ ಬಳೆ ತೆಗೆದಿಡು ಎಂದಿದ್ದರು. ಒಂದನ್ನು ಮರೆತಿದ್ದೆ. "ಕೆಡಿಸಿದೆ ನೋಡು. ಇರ್ಲಿ ಬಿಡು, ಕತ್ತರಿಸ್ತೀನಿ," ಎಂದು ಗೊಣಗಿದ್ದರು. ಒಂದು ಸಣ್ಣ ಕೆಮ್ಮನ್ನೂ ಉಳಿಸದೆ ತೆಗೆಯುತ್ತಿದ್ದ ಮನುಷ್ಯ.

ಕತ್ತರಿಸಿಲ್ಲ.

ಎಲ್ಲೆಲ್ಲಿಯ ಜನವೋ ಉಸಿರು ಬಿಗಿಹಿಡಿದು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಅದೇ ಬಳೆ ಈಗ ಬರೆಯುವಾಗ ಮೇಜಿಗೆ ತಗಲುತ್ತಿದೆ. ನಾಳೆ ಮುಸುಕು ತೆಗೆದು, ಗಾಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಬಳೆ ತೆಗೆಯದೆಯೇ ತುಳಿಯಬೇಕು.