ಒಂದೇ ಎಳೆಯ ಸೇಬಿನ ಸಿಪ್ಪೆ

ಮಂಗಳವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದ.

ನೀನು ಕಳಿಸಿದ ಕೇಕ್ ಶನಿವಾರವೇ ಬಂದು ಮುಟ್ಟಿತು. ಸೇಬಿನ ಲಾರಿಯವನು ಪೊಟ್ಟಣವನ್ನು ಎದೆಗೆ ಅವುಚಿಕೊಂಡು ತಂದ. ಅಮ್ಮಾ, ದಾರಿಯುದ್ದಕ್ಕೂ ಇದರ ವಾಸನೆ ಕುಡಿದು ಕುಡಿದು ಹೊಟ್ಟೆ ಹಸಿದುಹೋಯ್ತು, ಒಂದು ಚೂರು ಕೊಟ್ಟುಬಿಡಿ ಅಂದ. ಕೊಟ್ಟೆ. ತಿಂದು ಬೆರಳು ನೆಕ್ಕಿಕೊಂಡು, ರುಚಿ ಭಾರಿಯಾಗಿದೆ, ಆದ್ರೆ ನಡುವೆ ಯಾರೋ ಕೂತು ಎದ್ದು ಹೋದ ಹಾಗಿದೆಯಲ್ಲಾ ಅಂದ. ಬೇಸರ ಮಾಡಿಕೊಳ್ಳಬೇಡ. ನಡುಭಾಗ ಯಾಕೆ ಕುಸಿಯುತ್ತದೆ ಎಂದು ನೀನೂ ಪತ್ರದಲ್ಲಿ ಅದನ್ನೇ ಕೇಳಿದ್ದೀಯಲ್ಲ.

ಮೊದಲು ಅದಕ್ಕೆ ಉತ್ತರ ಬರೆಯುತ್ತೇನೆ. ಅಕ್ಷರ ಅಲ್ಲಲ್ಲಿ ಜಾರಿದ್ದರೆ ಗಾಬರಿಯಾಗಬೇಡ. ಮನೆಯಲ್ಲಿ ಸ್ವಲ್ಪ ಮರಗೆಲಸ ನಡೆಯುತ್ತಿದೆ, ಮೇಜು ಅಲುಗುತ್ತದೆ.

ಮಸಾಲೆಯಲ್ಲಿ ದೊಡ್ಡ ತಪ್ಪೇನೂ ಇಲ್ಲ. ಚಕ್ಕೆ, ಜಾಯಿಕಾಯಿ, ಒಣಶುಂಠಿ ಹದವಾಗಿವೆ. ಲವಂಗ ಮಾತ್ರ ಚಿಟಿಕೆಯಷ್ಟು ಹೆಚ್ಚಾಗಿದೆ, ನಾಲಿಗೆ ಜುಮ್ಮೆನ್ನುತ್ತದೆ. ತಪ್ಪಿರುವುದು ಸೇಬಿನ ನೀರಿನಲ್ಲಿ. ಎಲೆ ಉದುರತೊಡಗಿದ ಮೇಲೆ ಕೀಳುವ ಸೇಬಿಗೆ ರಸ ಜಾಸ್ತಿ. ತುರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡು. ಸುಮ್ಮನೆ ಒತ್ತಿದರೆ ಸಾಲದು, ಕೈ ನೋಯುವ ತನಕ ತಿರುಚಬೇಕು. ಆ ರಸವನ್ನು ಚೆಲ್ಲಬೇಡ. ಕಂದು ಸಕ್ಕರೆ ಹಾಕಿ, ಅಂಟು ಬರುವವರೆಗೆ ಕುದಿಸಿ, ಬೆಂದ ಕೇಕಿನ ಮೇಲೆ ಸವರು. ಇನ್ನೊಂದು ವಿಷಯ, ನಿನಗೆ ತಾಳ್ಮೆ ಕಡಿಮೆ, ನಡುನಡುವೆ ಓವನ್ನಿನ ಬಾಗಿಲು ತೆರೆದು ಇಣುಕುತ್ತೀಯ. ಮೇಲ್ಮೈ ತಾನಾಗಿ ಬಿರಿಯುವ ತನಕ ತೆರೆಯಬೇಡ.

ತಳದ ಸಿಪ್ಪೆಯ ಬಗ್ಗೆ ನಾನು ಹೇಳಿಕೊಡುವುದು ಏನೂ ಉಳಿದಿಲ್ಲ. ಕೇಕಿನ ಅಚ್ಚಿಗೆ ಕಾಗದ ಹಾಕದೆ, ಸಕ್ಕರೆಯಲ್ಲಿ ಹೊರಳಿಸಿದ ಸೇಬಿನ ಸಿಪ್ಪೆ ಹಾಸುವುದನ್ನು ನಿನಗೆ ಕಲಿಸಿದ್ದು ನಾನೇ. ಆದರೆ ನಾನು ಹಾಸುವ ಸಿಪ್ಪೆ ತುಂಡು ತುಂಡು. ಗಂಟುಬಿದ್ದ ಈ ಬೆರಳುಗಳಲ್ಲಿ ಚಾಕು ನಿಲ್ಲುವುದಿಲ್ಲ. ನೀನು ಇಡೀ ಸೇಬನ್ನು ಒಂದೇ ಎಳೆಯಲ್ಲಿ ಸುಲಿದು, ಆ ಸುರುಳಿಯನ್ನು ಬಿಡಿಸಿ, ಅಚ್ಚಿನ ಉದ್ದಕ್ಕೂ ಬಳಸಿ ಬಳಸಿ ಮಲಗಿಸುತ್ತೀಯ. ಕೇಕನ್ನು ಮಗುಚಿದಾಗ ಎಲ್ಲೂ ಕಡಿಯದ ಆ ಕೆಂಪು ಗೆರೆ ಕಂಡಿತು. ಎಷ್ಟೋ ಹೊತ್ತು ನೋಡುತ್ತಾ ಕೂತೆ. ಕೊನೆಯ ತುಂಡನ್ನು ತಿನ್ನಲು ಮನಸ್ಸು ಬರಲಿಲ್ಲ. ಮಗುಚಿದ ಹಾಗೆಯೇ ತಟ್ಟೆಯಲ್ಲಿಟ್ಟು, ಮೇಜಿನ ಮೇಲೆ, ಮುಚ್ಚದೆ ಬಿಟ್ಟೆ.

ಆಗಿದ್ದೆಲ್ಲ ಅದರಿಂದಲೇ.

ಮರಗೆಲಸ ಎಂದು ಬರೆದೆನಲ್ಲ, ಅದು ಸುಳ್ಳು. ಉಗ್ರಾಣದ ಬಾಗಿಲನ್ನು ಒಳಗಿನಿಂದ ಒದೆಯುತ್ತಿರುವವನು ನಿನ್ನ ಗಂಡ. ಹೊರಗಿನಿಂದ ಚಿಲಕ ಹಾಕಿದವಳು ನಾನು. ಬಾಗಿಲು ಗಟ್ಟಿಯಾಗಿದೆ, ಉಗ್ರಾಣಕ್ಕೆ ಕಿಟಕಿಯಿಲ್ಲ. ಎದ್ದು ಹೋಗಿ ಬಟ್ಟೆ ಗಂಟು ಕಟ್ಟಬೇಡ. ಪೂರ್ತಿ ಓದು.

ಬೆಳಿಗ್ಗೆ ಬಂದ. ನಿನ್ನ ಕೇಕಿನ ತಪ್ಪು ಹಿಡಿಯಲೆಂದು ನಾನು ಹೊಸದಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅವನು ಕುಡಿದಿರಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ನಾವಿಬ್ಬರೂ ಬಹಳ ಕಾಲ ಎಲ್ಲವನ್ನೂ ಕುಡಿತದ ತಲೆಗೆ ಕಟ್ಟಿದೆವು. ಕ್ಷೌರ ಮಾಡಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಏನಮ್ಮಾ, ಇಷ್ಟೊಂದು ಸೊರಗಿದ್ದೀಯ, ಊಟ ಗೀಟ ಮಾಡ್ತೀಯೋ ಇಲ್ವೋ ಅಂದ. ಕೂತು ತಟ್ಟೆಯನ್ನು ಹತ್ತಿರ ಎಳೆದುಕೊಂಡ. ತುಂಡನ್ನು ಬಾಯಿಯ ತನಕ ಒಯ್ದವನು ಅಲ್ಲಿಗೇ ನಿಲ್ಲಿಸಿ ಆ ಕಡಿಯದ ಕೆಂಪು ಗೆರೆ ನೋಡಿದ.

ಇದನ್ನ ಯಾರು ಮಾಡಿದ್ದು ಅಂದ. ನಾನೇ ಕಣೋ, ಇನ್ಯಾರು ಅಂದೆ. ನಕ್ಕ. ಬುಟ್ಟಿಯಿಂದ ಒಂದು ಸೇಬು ತೆಗೆದು, ಚಾಕುವಿನ ಜೊತೆ ನನ್ನ ಮುಂದಿಟ್ಟು, ಹೌದಾ, ಹಾಗಾದ್ರೆ ಒಂದೇ ಎಳೆಯಲ್ಲಿ ಸುಲಿ ನೋಡೋಣ ಅಂದ.

ಸುಲಿದೆ. ಕಡಿಯಿತು. ಮೇಲಿನ ಹಲಗೆಯಿಂದ ಜೇನಿನ ಬಾಟಲಿ ತೆಗೆದು ನನ್ನ ಕಾಲ ಬಳಿ ಅಪ್ಪಳಿಸಿ, ಇನ್ನೊಂದು ಅಂದ. ಇನ್ನೊಂದು ಸುಲಿದೆ. ಅದೂ ಕಡಿಯಿತು. ಎಣ್ಣೆಯ ಬಾಟಲಿ ಹೋಯಿತು. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಮಗುವಿಗೆ ಮಗ್ಗಿ ಕಲಿಸುವವನ ಹಾಗೆ ನಿಧಾನವಾಗಿದ್ದ. ಅವಸರ ಮಾಡಬೇಡಮ್ಮ, ಕೈ ಸ್ಥಿರ ಇಟ್ಕೋ ಅನ್ನುತ್ತಿದ್ದ. ಹಲಗೆ ಖಾಲಿಯಾಗುವ ತನಕ ಸುಲಿದೆ. ಒಂದಾದರೂ ಕಡಿಯದೆ ಬರಲಿ ಎಂದು ಯಾವ ದೇವರನ್ನೂ ಬಿಡದೆ ಬೇಡಿಕೊಂಡೆ. ಆಮೇಲೆ ನನ್ನ ಜುಟ್ಟು ಹಿಡಿದು ಮುಖವನ್ನು ಹಿಟ್ಟಿನ ರಾಶಿಗೆ ಅದುಮಿದ. ಮೂಗಿನೊಳಗೆಲ್ಲ ಹಿಟ್ಟು ತುಂಬಿತು. ಎಲ್ಲಿದ್ದಾಳೆ ಅಂದ. ಉಸಿರಿಗೆ ಎತ್ತಿದ, ಮತ್ತೆ ಅದುಮಿದ.

ಫೋನಿಗೆ ಕೈ ಚಾಚಿದೆ. ಅದನ್ನು ಕಿತ್ತುಕೊಂಡು ಮಸಾಲೆ ಕುಟ್ಟುವ ಗುಂಡಿನಿಂದ ಚಚ್ಚಿದ. ಅದೇ ಗುಂಡನ್ನು ನನ್ನ ಎಡಗೈ ಮೇಲೆ ಎತ್ತಿ ಹಿಡಿದು, ಕೊನೇ ಸಲ ಕೇಳ್ತಿದ್ದೀನಿ ಅಂದ. ಹೊಡೆದ. ಕಿರುಬೆರಳು ಮತ್ತು ಅದರ ಪಕ್ಕದ್ದು. ಮೊದಲೇ ಗಂಟುಬಿದ್ದು ಕೆಲಸಕ್ಕೆ ಬಾರದವು ಅವು. ಬೇರೆ ಎರಡಕ್ಕಿಂತ ವಾಸಿ.

ಆಗ ಬಾಯಿಬಿಟ್ಟೆ. ಪೊಟ್ಟಣಕ್ಕೆ ಸುತ್ತಿದ್ದ ಕಾಗದದ ಮೇಲೆ ಅವಳು ಕೆಲಸ ಮಾಡೋ ಬೇಕರಿ ಹೆಸರಿದೆ, ಉಗ್ರಾಣದಲ್ಲಿ ಸೇಬಿನ ಕೊನೇ ಪೆಟ್ಟಿಗೆಯಡಿ ಇಟ್ಟಿದ್ದೀನಿ ಅಂದೆ. ಅಳುತ್ತಲೇ ಅಂದೆ, ಅಳು ನಿಜದ್ದೇ ಆದ್ದರಿಂದ ನಂಬಿದ. ಆ ಕಾಗದವನ್ನೂ ನಿನ್ನ ಪತ್ರವನ್ನೂ ನಾನು ಶನಿವಾರವೇ ಒಲೆಗೆ ಹಾಕಿದ್ದೆ. ಅವನು ಒಳಗೆ ಹೋಗಿ ಬಗ್ಗಿದ. ನಾನು ಬಾಗಿಲು ತಳ್ಳಿದೆ. ಅವನು ಹಾರಿ ಬಂದು ಸಂದಿಯಲ್ಲಿ ಕೈ ತೂರಿಸಿದ. ಪಕ್ಕದ ಹಲಗೆಯಲ್ಲಿದ್ದ ಕಬ್ಬಿಣದ ಅಚ್ಚನ್ನು, ಅದೇ ಉದ್ದನೆಯ ಕೇಕ್ ಅಚ್ಚನ್ನು, ಎತ್ತಿ ಆ ಕೈ ಮೇಲೆ ಹಾಕಿದೆ. ಮೂಳೆಯ ಶಬ್ದ ಕೇಳಿಸಿತು. ಮತ್ತೊಮ್ಮೆ ಹಾಕಿದೆ. ಎರಡನೆಯ ಸಲದ ಅಗತ್ಯವಿರಲಿಲ್ಲ, ಕೈ ಆಗಲೇ ಒಳಗೆ ಸರಿಯುತ್ತಿತ್ತು. ಬೇರೆಯವರ ಬಾಯಿಂದ ಕೇಳುವ ಮುಂಚೆ ನನ್ನಿಂದಲೇ ಇದು ನಿನಗೆ ತಿಳಿಯಲಿ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ದರ್ಜಿ ಬಂದ. ಅವನಿಗೆ ಕಿವಿ ಪೂರಾ ಹೋಗಿರುವುದು ನಿನಗೆ ಗೊತ್ತೇ ಇದೆ. ಗೋಡೆ ಅದುರಿ ಅದುರಿ ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ, ಏನಕ್ಕಾ ಇದು, ಇಲಿನಾ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿದ. ದೊಡ್ಡ ಇಲಿ ಎಂದು ಕೈ ಅಗಲಿಸಿ ತೋರಿಸಿದೆ. ಅವನು ನನ್ನ ಬೆರಳು ನೋಡಿದ, ನೆಲದ ಗಾಜು ನೋಡಿದ, ಅಲುಗುವ ಬಾಗಿಲು ನೋಡಿದ. ಮನೆಗೆ ಹೋಗಿ ಕುರ್ಚಿ, ದೊಡ್ಡ ಕತ್ತರಿ, ಅರ್ಧ ಹೊಲಿದ ಪ್ಯಾಂಟು ತಂದು, ನನ್ನ ಬೆರಳಿಗೆ ಬಟ್ಟೆ ಸುತ್ತಿ, ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಬಾಗಿಲು ಅದುರಿದಾಗಲೆಲ್ಲ ಅವನ ಕನ್ನಡಕ ಜಾರುತ್ತದೆ, ಅವನು ಮೇಲೆ ತಳ್ಳಿಕೊಳ್ಳುತ್ತಾನೆ. ನಿನ್ನ ಗಂಡ ಒಳಗಿನಿಂದ ಅವನನ್ನು ಗದರಿದ, ಅವನ ತಾಯಿಯನ್ನು ಎತ್ತಿ ಬೈದ, ಆಮೇಲೆ ಮಾಮಾ ಅಂದ, ಹೊಸ ಹೊಲಿಗೆ ಮೆಷಿನ್ ಕೊಡಿಸ್ತೀನಿ ಮಾಮಾ ಅಂದ. ದರ್ಜಿ ಪ್ಯಾಂಟಿನ ಅಂಚು ಮಡಿಸುತ್ತಿದ್ದಾನೆ. ಅಂಥ ಕಿವಿ ಇವತ್ತೊಂದು ದಿನ ನನಗೂ ಇದ್ದಿದ್ದರೆ ಚೆನ್ನಾಗಿತ್ತು.

ಒಳಗಿನ ಮಾತನ್ನೆಲ್ಲ ಬರೆಯಲಾರೆ. ಇಷ್ಟು ನಿನಗೆ ತಿಳಿದಿರಬೇಕು. ಕೇಕ್ ಬಂದದ್ದು ಸೇಬಿನ ಲಾರಿಯಲ್ಲೇ ಎಂದು ಅವನು ಈಗ ಊಹಿಸಿಬಿಟ್ಟಿದ್ದಾನೆ. ಆ ಲಾರಿ ಎಲ್ಲೆಲ್ಲಿ ನಿಲ್ಲುತ್ತೆ ಅಂತ ನಂಗೊತ್ತು, ಒಂದೊಂದೇ ಬೇಕರಿ ನೋಡ್ಕೊಂಡು ಹೋಗ್ತೀನಿ, ಈ ಸಲ ಅವಳನ್ನ ಆಸ್ಪತ್ರೆ ತನಕ ಹೋಗೋಕೂ ಬಿಡಲ್ಲ ಅನ್ನುತ್ತಿದ್ದಾನೆ. ಅನ್ನುತ್ತಲೇ ಸೇಬನ್ನು ಬಾಗಿಲಿಗೆ ಎಸೆಯುತ್ತಿದ್ದಾನೆ. ಜಜ್ಜಿದ ಹಣ್ಣಿನ ರಸ ಬಾಗಿಲ ಕೆಳಗಿನಿಂದ ಹರಿದು ದರ್ಜಿಯ ಚಪ್ಪಲಿಯವರೆಗೆ ಬಂದಿದೆ. ಅವನು ಹೊರಗೆ ಬಂದರೆ ನಿನ್ನನ್ನು ಹುಡುಕುತ್ತಾನೆ. ಸಿಕ್ಕಿದರೆ ಕೊಲ್ಲುತ್ತಾನೆ. ಹೆತ್ತವಳಾಗಿ ಇದನ್ನು ಬರೆಯುತ್ತಿದ್ದೇನೆ, ಊಹೆಯಿಂದಲ್ಲ.

ದರ್ಜಿಯನ್ನೇ ಪೊಲೀಸರ ಬಳಿ ಕಳಿಸಬಹುದಿತ್ತು. ಆದರೆ ಅವನು ಎದ್ದು ಹೋದರೆ ಚಿಲಕದ ಮುಂದೆ ನಾನೊಬ್ಬಳೇ ಉಳಿಯುತ್ತೇನೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ನಾನೇ ಹೋಗೋಣವೆಂದರೆ ಗಾಜು ಹೊಕ್ಕ ಕಾಲಿನಲ್ಲಿ ಅಷ್ಟು ದೂರ ನಡೆಯಲಾಗುವುದಿಲ್ಲ. ಹಾಗಾಗಿ ಲಾರಿಯವನಿಗೆ ಕಾಯುತ್ತಿದ್ದೇನೆ. ಮಂಗಳವಾರ ಅವನು ಪೆಟ್ಟಿಗೆ ತುಂಬಿಕೊಳ್ಳಲು ತಪ್ಪದೆ ಬರುತ್ತಾನೆ. ಠಾಣೆ ಅವನ ದಾರಿಯಲ್ಲೇ ಇದೆ. ಅಲ್ಲಿ ವಿಷಯ ಹೇಳಿ, ಅವರನ್ನು ಇತ್ತ ಹೊರಡಿಸಿಯೇ ಮುಂದಕ್ಕೆ ಹೋಗು ಅನ್ನುತ್ತೇನೆ. ಈ ಪತ್ರ ನಿನಗೆ ಅವನೇ ಕೊಡುತ್ತಾನೆ.

ಇವತ್ತು ನಿನ್ನ ಕೋಣೆಯಲ್ಲಿ ಮಲಗಬೇಡ. ಬೇಕರಿ ಯಜಮಾನಿಯ ಮನೆಗೆ ಹೋಗು. ಸಂಕೋಚಪಡದೆ ಅವರಿಗೆ ಎಲ್ಲ ಹೇಳು. ಆದರೆ ಊರು ಬಿಡಬೇಡ. ಅವನು ಬಂದಾಗಲೆಲ್ಲ ಓಡಿದ್ದು ನೀನು. ಕೆಲಸ ಬಿಟ್ಟೆ, ಬಾಡಿಗೆ ಕೋಣೆ ಬಿಟ್ಟೆ, ಆಗತಾನೇ ಪರಿಚಯವಾದ ಗೆಳತಿಯರನ್ನು ಬಿಟ್ಟೆ. ಸೇಬಿನ ಕಾಲದ ಈ ಕೇಕ್ ಸರಿಬಂದರೆ ಯಜಮಾನಿ ಕೆಲಸ ಖಾಯಂ ಮಾಡುತ್ತೇನೆ ಅಂದಿದ್ದಾರೆ ಎಂದು ಬರೆದಿದ್ದೀಯಲ್ಲ, ಅದನ್ನು ಮಾಡು. ಇಷ್ಟಾದ ಮೇಲೂ ನೀನೇ ಊರು ಬಿಟ್ಟರೆ ನನ್ನ ಬೆರಳು ಸುಮ್ಮನೆ ಹೋದ ಹಾಗೆ.

ಪೊಲೀಸರು ನಿನ್ನಲ್ಲಿಗೂ ಬರುತ್ತಾರೆ. ಹೋದ ಸಲ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ ನೀನು ಮೊದಲು ನನ್ನ ಮುಖ ನೋಡಿದೆ, ಆಮೇಲೆ ಮೆಟ್ಟಿಲಿಂದ ಬಿದ್ದೆ ಅಂದೆ. ಈ ಸಲ ನನ್ನ ಮುಖ ನೆನಪಿಸಿಕೊಳ್ಳಬೇಡ. ಹಲ್ಲಿನ ವಿಷಯ ಹೇಳು, ಪಕ್ಕೆಲುಬಿನದು ಹೇಳು, ಬಾವಿಕಟ್ಟೆಯ ಬಳಿ ನಡೆದದ್ದು ಹೇಳು. ನಿನ್ನ ಕಡೆಯಿಂದ ನೀನು ಹೇಳು, ನನ್ನ ಕಡೆಯಿಂದ ನಾನು ಹೇಳುತ್ತೇನೆ. ತಾಯಿಯೇ ಹೀಗೆ ಮಾಡಿದಳಾ ಎಂದು ಮಂದಿ ಕೇಳಲಿ. ಕೇಳಿದವರಿಗೆ ಕೈ ಬಿಚ್ಚಿ ತೋರಿಸುತ್ತೇನೆ.

ಅಂದ ಹಾಗೆ ಕೇಕ್ ಬೆಂದಿದೆ. ಹಿಟ್ಟು ಅರ್ಧಕ್ಕೇ ನಿಂತಿತ್ತು, ಹಾಳು ಮಾಡಲು ಮನಸ್ಸಾಗಲಿಲ್ಲ. ಮುಖ ಅದುಮಿದ ಕಡೆಯ ಹಿಟ್ಟು ತೆಗೆದುಹಾಕಿ ಮಿಕ್ಕದ್ದನ್ನು ಮತ್ತೆ ಜರಡಿ ಹಿಡಿದೆ. ಬಾಗಿಲ ಹೊರಗೇ ಬಿದ್ದಿದ್ದ ಅಚ್ಚನ್ನು ತೊಳೆದೆ. ತುರಿಯನ್ನು ಒಂದು ಕೈಯಲ್ಲಿ ಹಿಂಡಲಾಗದೆ ದರ್ಜಿಗೆ ಕೊಟ್ಟೆ. ಅವನು ಕೂತಲ್ಲೇ ಎಂಥ ತಿರುಚು ತಿರುಚಿದ ಅಂತೀಯ, ಬಟ್ಟೆ ಹರಿಯದಿದ್ದದ್ದು ಆಶ್ಚರ್ಯ. ಒದೆತ ನಿಲ್ಲದಿದ್ದರೂ ಕೇಕ್ ಉಬ್ಬಿತು, ಮೇಲೆ ಉದ್ದಕ್ಕೆ ಬಿರಿಯಿತು. ನಡು ಕುಸಿದಿಲ್ಲ. ನೀರಿನದೇ ತಪ್ಪು ಎಂಬುದು ಖಚಿತವಾಯಿತು. ಅರ್ಧವನ್ನು ಈ ಪತ್ರದ ಜೊತೆ ಕಳಿಸುತ್ತೇನೆ, ನಿನ್ನ ಯಜಮಾನಿಗೆ ಕೊಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಲವಂಗ ಕಡಿಮೆ ಹಾಕು.

ನಿನ್ನ
ಅತ್ತೆ

ಮತ್ತೆ: ಲಾರಿಯ ಹಾರ್ನ್ ಕೇಳಿಸುತ್ತಿದೆ, ಲಕೋಟೆ ಅಂಟಿಸುವ ಮುಂಚೆ ಇದಿಷ್ಟು. ಒದೆತ ನಿಂತಿದೆ. ಕೈ ತುಂಬಾ ನೋಯ್ತಿದೆ ಅಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂದ. ಬಿಸಿ ಕೇಕಿನ ಒಂದು ಹೋಳನ್ನು ಅಂಗೈಯಲ್ಲಿ ಒತ್ತಿ ಒತ್ತಿ ತೆಳ್ಳಗೆ ಮಾಡಿ, ಬಾಗಿಲ ಕೆಳಗೆ ತೂರಿಸಿದೆ. ತಿಂದ. ಇನ್ನೊಂದು ಕೊಡಮ್ಮ ಅಂದ. ಕೊಟ್ಟೆ. ಆಮೇಲೆ ಬಾಗಿಲು ತೆಗಿ ಅಮ್ಮ, ನಾನು ನಿನ್ನ ಮಗ ಅಲ್ವಾ ಅಂದ. ಹೌದು ಕಣೋ ಅಂದೆ. ನನ್ನ ತುಟಿ ಅಲುಗಿದ್ದನ್ನು ಕಂಡು, ಏನಂತಾನೆ ಎಂದು ದರ್ಜಿ ಸನ್ನೆಯಲ್ಲಿ ಕೇಳಿದ. ಕೇಕ್ ಚೆನ್ನಾಗಿದೆಯಂತೆ ಎಂದು ಸನ್ನೆ ಮಾಡಿದೆ. ಅವನು ತಲೆಯಾಡಿಸಿ, ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ, ಬಾಗಿಲಿಗೆ ಒತ್ತಿಕೊಂಡು ಕೂತ.